ನನ್ನ ಮೆಷಿನ್‌ನಲ್ಲಿ ಓಡ್ತಿತ್ತಲ್ಲ!

ಗೋರೆಗಾಂವ್ ಪೂರ್ವದ ಯಾವುದಾದರೂ ಸಾಫ್ಟ್‌ವೇರ್ ಆಫೀಸಿನಲ್ಲಿ ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ಕೂತು ನೋಡಿ. “ನನ್ನ ಮೆಷಿನ್‌ನಲ್ಲಿ ಸರಿಯಾಗೇ ಓಡ್ತಿತ್ತಲ್ಲ ಸರ್!” ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳುವವನು ಸುಳ್ಳು ಹೇಳುತ್ತಿರುವುದಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಅದು ನಿಜಕ್ಕೂ ಓಡಿರುತ್ತದೆ. ಸರ್ವರಿಗೆ ಹೋದ ಮೇಲೆ ಮಾತ್ರ ಓಡುವುದಿಲ್ಲ.

ಈ ಅಂಕಣ ಓದುವವರಲ್ಲಿ ಕೋಡ್ ಬರೆಯುವವರು ಕೆಲವರು. ಕೋಡ್ ಬರೆಯುವ ಮಕ್ಕಳು ರಾತ್ರಿ ಯಾಕೆ ಮನೆಗೆ ಬರಲಿಲ್ಲ ಎಂದು ಕಾಯುವ ಅಪ್ಪ ಅಮ್ಮಂದಿರು ಅವರಿಗಿಂತ ಹೆಚ್ಚು. ನಮ್ಮ ಹಿರಿಯರಿಗೆ ಹಗಲು ಹೋಟೆಲ್ ಕೆಲಸ, ರಾತ್ರಿ ಶಾಲೆ ಇತ್ತು. ಅವರ ಮೊಮ್ಮಕ್ಕಳಿಗೆ ಹಗಲೂ ಆಫೀಸು, ರಾತ್ರಿಯೂ ಆಫೀಸು. ಹೈವೇ ಪಕ್ಕದ ನಿರ್ಲಾನ್‌ನಲ್ಲಿ ಒಂದು ಕಾಲಕ್ಕೆ ನೈಲಾನ್ ನೂಲು ತಯಾರಾಗುತ್ತಿತ್ತು. ಈಗ ಅದೇ ಜಾಗದಲ್ಲಿ ನಾಲೆಜ್ ಪಾರ್ಕ್ ಎದ್ದು ನಿಂತಿದೆ. ನೂಲಿನ ಶಿಫ್ಟ್ ಹೋಗಿ ಸಾಫ್ಟ್‌ವೇರ್ ಶಿಫ್ಟ್ ಬಂತು, ಅಷ್ಟೇ. ಈ ಸಲ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಕೋಡ್ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ. ಗೊತ್ತಿದ್ದವರು ನನ್ನ ಸರಳೀಕರಣವನ್ನು ಕ್ಷಮಿಸಬೇಕು.

ಕುಂದಾಪುರ ಕಡೆಯ ಹುಡುಗ. ನಾಲಾಸೋಪಾರಾದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾನೆ. ಗೋರೆಗಾಂವ್ ಸ್ಟೇಷನ್ನಿನಿಂದ ಶೇರ್ ರಿಕ್ಷಾದ ದೂರದಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಗುತ್ತಿಗೆ ಮೇಲೆ ಕೆಲಸ. ಸೇರಿ ಎಂಟು ತಿಂಗಳು. ಕಂಪನಿಯ ಹೆಸರು ಬೇಡ. ಅವರ ಗ್ರಾಹಕರಲ್ಲಿ ಒಂದು ಕಾಲೇಜು ಇತ್ತು. ವಿದ್ಯಾರ್ಥಿಗಳ ಫೀಸು, ಹಾಜರಿ, ಹಾಲ್ ಟಿಕೆಟ್ ಎಲ್ಲವೂ ಜಾವಾದಲ್ಲಿ ಬರೆದ ಒಂದು ವೆಬ್ ಅಪ್ಲಿಕೇಷನ್ನಿನಲ್ಲಿ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಲ್ ಟಿಕೆಟ್ ಬಿಡುಗಡೆ, ಸೋಮವಾರ ಪರೀಕ್ಷೆ. ಶುಕ್ರವಾರ ರಾತ್ರಿ ಅದನ್ನು ಹೊಸ ಸರ್ವರಿಗೆ ಏರಿಸುವ ಕೆಲಸ ಇವನ ಹೆಗಲಿಗೆ ಬಿತ್ತು. ಹಳೆಯ ಸರ್ವರನ್ನು ಅಂದು ಮಧ್ಯಾಹ್ನವೇ ಮುಚ್ಚಿಸಿಬಿಟ್ಟಿದ್ದರು, ಮುಂದಿನ ತಿಂಗಳ ಬಾಡಿಗೆ ಉಳಿಯಲಿ ಎಂದು. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಿ.

ರಾತ್ರಿ ಹತ್ತೂ ಮುಕ್ಕಾಲಿಗೆ ನನ್ನ ಮೊಬೈಲಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬಿಳಿ ಪುಟ, ಮೇಲೆ ದಪ್ಪಕ್ಷರದಲ್ಲಿ 404. ಹಿಂದೆಯೇ ಫೋನು: “ಅಣ್ಣಾ, ಪೇಜ್ ಬತ್ತಿಲ್ಲೆ. ಎಂತ ಮಾಡೂದ್?”

ಡಾಕ್ಟರಿಗೆ ಜ್ವರದವನ ಫೋಟೋ ಕಳಿಸಿದ ಹಾಗೆ ಇದು. 404 ಎಂದರೆ “ನೀವು ಕೇಳಿದ್ದು ಇಲ್ಲಿಲ್ಲ” ಎಂದಷ್ಟೇ ಅರ್ಥ. ಯಾಕಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ವಿಳಾಸ ತಪ್ಪಿರಬಹುದು, ಅಥವಾ ವಿಳಾಸ ಸರಿಯಿದ್ದು ಅಪ್ಲಿಕೇಷನ್ ಹುಟ್ಟುವಾಗಲೇ ಸತ್ತಿರಬಹುದು. ಹೊಸಬರು ಬ್ರೌಸರನ್ನೇ ದಿಟ್ಟಿಸುತ್ತ, ರಿಫ್ರೆಶ್ ಒತ್ತುತ್ತ ಮೊದಲ ಒಂದು ಗಂಟೆ ಕಳೆಯುತ್ತಾರೆ. ಇವನೂ ಕಳೆದಿದ್ದ. ಆ ಮೇಲೆ ಸರ್ವರನ್ನು ಐದಾರು ಸಲ ರೀಸ್ಟಾರ್ಟ್ ಮಾಡಿದ್ದ. ಹಳೆಯ ಪ್ರೋಸೆಸ್ ಪೂರ್ತಿ ಸಾಯುವ ಮೊದಲೇ ಹೊಸದನ್ನು ಎಬ್ಬಿಸಿದ್ದರಿಂದ 8080ನೇ ಪೋರ್ಟ್ ಖಾಲಿಯಿಲ್ಲ ಎಂಬ ಇನ್ನೊಂದು ಎರರ್ ಬೇರೆ ಸೇರಿಕೊಂಡಿತ್ತು. ಅದು ಮೂಲ ರೋಗವಲ್ಲ, ಆರೈಕೆಯಿಂದ ಬಂದ ರೋಗ.

“ಫೋಟೋ ಬೇಡ ಮಾರಾಯ, ಲಾಗ್ ಓದು” ಎಂದೆ.

ಜಾವಾ ಅಪ್ಲಿಕೇಷನ್ನನ್ನು ಒಂದು ಗಂಟು ಕಟ್ಟುತ್ತಾರೆ; ಅದಕ್ಕೆ ವಾರ್ ಫೈಲ್ ಎಂದು ಹೆಸರು. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ, ವೆಬ್ ಅಪ್ಲಿಕೇಷನ್ ಆರ್ಕೈವ್ ಎಂಬುದರ ಸಂಕ್ಷೇಪ. ಆ ಗಂಟನ್ನು ಬಿಚ್ಚಿ ಓಡಿಸುವ ಸಾಫ್ಟ್‌ವೇರುಗಳಲ್ಲಿ ಪ್ರಸಿದ್ಧವಾದದ್ದು ಟಾಮ್‌ಕ್ಯಾಟ್, ಅಂದರೆ ಗಂಡುಬೆಕ್ಕು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದದ್ದು. 1999ರಲ್ಲಿ ಅಪಾಚೆ ಸಂಸ್ಥೆಗೆ ಹೋಯಿತು. ತನ್ನ ಪಾಡು ತಾನೇ ನೋಡಿಕೊಳ್ಳುವ ಪ್ರಾಣಿ ಎಂದು ಆ ಹೆಸರಿಟ್ಟರಂತೆ. ರಾತ್ರಿ ಪಾಳಿಯವರಿಗೆ ಕೇಳಿದರೆ ಬೇರೆ ಅಭಿಪ್ರಾಯ ಸಿಗಬಹುದು.

ಈ ಬೆಕ್ಕು ಎರಡು ಡೈರಿ ಬರೆಯುತ್ತದೆ. ಒಂದು ಕೆಟಲೀನಾ ಲಾಗ್, ಇನ್ನೊಂದು ಲೋಕಲ್‌ಹೋಸ್ಟ್ ಲಾಗ್. ಎಲ್ಲರೂ ಓದುವುದು ಮೊದಲನೆಯದನ್ನು. ಅದರಲ್ಲಿ ಇವನಿಗೆ ಕಂಡದ್ದು “ಒಂದೋ ಎರಡೋ ಲಿಸನರ್‌ಗಳು ಶುರುವಾಗಲಿಲ್ಲ, ಪೂರ್ತಿ ವಿವರ ಸಂಬಂಧಪಟ್ಟ ಲಾಗ್‌ನಲ್ಲಿದೆ” ಎಂಬ ಸಾಲು. ಸರ್ಕಾರಿ ಕಚೇರಿಯ ಉತ್ತರದ ಹಾಗಿದೆ ಅಲ್ಲವೇ? ಆದರೆ ಇದು ಪ್ರಾಮಾಣಿಕ ಉತ್ತರ. ವಿವರ ನಿಜಕ್ಕೂ ಪಕ್ಕದ ಟೇಬಲ್ಲಿನಲ್ಲಿರುತ್ತದೆ. ಲೋಕಲ್‌ಹೋಸ್ಟ್ ಎಂದು ಶುರುವಾಗುವ, ಆ ದಿನದ ತಾರೀಖಿರುವ ಫೈಲು. ಎಷ್ಟೋ ವರ್ಷ ಅನುಭವವಿರುವವರೂ ಅದನ್ನು ತೆರೆಯದೆ ಒದ್ದಾಡುವುದನ್ನು ನೋಡಿದ್ದೇನೆ. ಇನ್ನು ಲಾಗ್ ಓದುವ ಕ್ರಮ: ಜಾವಾದ ಎರರ್ ಎಪ್ಪತ್ತು ಎಂಬತ್ತು ಸಾಲು ಉದ್ದ ಇದ್ದರೆ ಹೆದರಬಾರದು. “ಕಾಸ್ಡ್ ಬೈ” ಎಂದು ಶುರುವಾಗುವ ಸಾಲುಗಳನ್ನು ಹುಡುಕಿ, ಅವುಗಳಲ್ಲಿ ಕಟ್ಟಕಡೆಯದನ್ನು ಮೊದಲು ಓದಬೇಕು. ಮೇಲಿನವೆಲ್ಲ ಪೆಟ್ಟು ತಿಂದವರ ಕೂಗು; ಪೆಟ್ಟು ಎಲ್ಲಿಂದ ಬಂತೆಂಬುದು ಕೆಳಗಿರುತ್ತದೆ.

ಲೋಕಲ್‌ಹೋಸ್ಟ್ ಲಾಗ್‌ನಲ್ಲಿ ಸಿಕ್ಕಿತು: ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್. ಕ್ಲಾಸ್ ಫೈಲಿನ ಆವೃತ್ತಿ 61, ಈ ಜಾವಾಕ್ಕೆ 55ರವರೆಗೆ ಮಾತ್ರ ಗೊತ್ತು.

ಇದಕ್ಕೊಂದು ಸುಲಭ ಲೆಕ್ಕವಿದೆ. ಆ ಸಂಖ್ಯೆಯಿಂದ 44 ಕಳೆಯಿರಿ. 61 ಎಂದರೆ ಜಾವಾ 17, 55 ಎಂದರೆ ಜಾವಾ 11, 52 ಎಂದರೆ ಜಾವಾ 8. ಹುಡುಗನ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದು 17ರಲ್ಲಿ. ಹೊಸ ಸರ್ವರ್ ತಯಾರು ಮಾಡಿದವರು ಹಾಕಿದ್ದು 11. ಹೊಸದಕ್ಕೆ ಹಳೆಯದನ್ನು ಓದಲು ಬರುತ್ತದೆ, ಹಳೆಯದಕ್ಕೆ ಹೊಸದನ್ನು ಓದಲು ಬರುವುದಿಲ್ಲ. ಅಂದಹಾಗೆ ಜಾವಾದ ಪ್ರತಿಯೊಂದು ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟುಗಳನ್ನು ಹದಿನಾರರ ಲೆಕ್ಕದಲ್ಲಿ ಓದಿದರೆ ‘ಕೆಫೆ ಬೇಬ್’ ಎಂದಾಗುತ್ತದೆ. ಆವೃತ್ತಿಯ ಸಂಖ್ಯೆ ಕೂತಿರುವುದು ಅದರ ಸ್ವಲ್ಪ ಮುಂದೆ, ಏಳು ಎಂಟನೇ ಬೈಟುಗಳಲ್ಲಿ. 1995ರಲ್ಲಿ ಜಾವಾ ಹೊರಬಂದಾಗಿನ ತಮಾಷೆ, ಇಂದಿಗೂ ಕೋಟ್ಯಂತರ ಫೈಲುಗಳಲ್ಲಿ ಉಳಿದಿದೆ.

ಹುಡುಗ ಜಾವಾ 17 ಹಾಕಿದ. ಮತ್ತೆ ಅದೇ ಎರರ್. “ಟರ್ಮಿನಲ್ಲಲ್ಲಿ ಕೇಂಡ್ರೆ 17 ಅಂತ ಹೇಳ್ತ್ ಅಣ್ಣ!” ಹೇಳುತ್ತದೆ, ಅದು ಇವನ ಟರ್ಮಿನಲ್ಲಿನ ಜಾವಾ. ಟಾಮ್‌ಕ್ಯಾಟ್ ಸರ್ವಿಸ್ ಆಗಿ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಅದರ ಜಾವಾ ಹೋಮ್ ಹಳೆಯ ದಾರಿಯನ್ನೇ ತೋರಿಸುತ್ತಿತ್ತು. ಅದು ಯಾವ ಜಾವಾದ ಮೇಲೆ ಎದ್ದಿದೆ ಎಂಬುದನ್ನು ಪ್ರತಿ ಸಲ ಶುರುವಾಗುವಾಗ ಕೆಟಲೀನಾ ಲಾಗ್‌ನ ಮೊದಲ ಸಾಲುಗಳಲ್ಲೇ ಬರೆದಿಡುತ್ತದೆ. ನಮ್ಮ ನಂಬಿಕೆಗಿಂತ ಆ ಸಾಲು ಹೆಚ್ಚು ನಂಬಲರ್ಹ.

ಅದನ್ನು ಸರಿಪಡಿಸುವಾಗ ಹನ್ನೊಂದೂವರೆ. ಆಗ ಬಂತು ಆ ರಾತ್ರಿಯ ದೊಡ್ಡ ಗುಮ್ಮ: ನೋ ಕ್ಲಾಸ್ ಡೆಫ್ ಫೌಂಡ್ ಎರರ್, ಜಾವಾಎಕ್ಸ್ ಸರ್ವ್ಲೆಟ್ ಎಂಬ ಹೆಸರಿನಡಿಯ ಕ್ಲಾಸ್ ಸಿಗುತ್ತಿಲ್ಲ. ಸರ್ವ್ಲೆಟ್ ಎಂದರೆ ಟಾಮ್‌ಕ್ಯಾಟಿನ ಜೀವಾಳ. ಬೆಕ್ಕಿಗೆ ಹಾಲು ಗೊತ್ತಿಲ್ಲ ಎಂದ ಹಾಗಾಯಿತು.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು. ಮುಂಬಯಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ವಿ.ಟಿ. ಸ್ಟೇಷನ್ 1996ರಲ್ಲಿ ಸಿ.ಎಸ್.ಟಿ. ಆಯಿತು, 2017ರಲ್ಲಿ ‘ಮಹಾರಾಜ್’ ಸೇರಿ ಸಿ.ಎಸ್.ಎಂ.ಟಿ. ಆಯಿತು. ಕಟ್ಟಡ ಅದೇ, ಪ್ಲಾಟ್‌ಫಾರ್ಮ್ ಅದೇ. ಇಂದಿಗೂ ಟ್ಯಾಕ್ಸಿಯಲ್ಲಿ ಕೂತು ವಿ.ಟಿ. ಎಂದರೆ ಡ್ರೈವರ್ ಕರೆದೊಯ್ಯುತ್ತಾನೆ. ಸಾಫ್ಟ್‌ವೇರ್ ಮಾತ್ರ ಆ ಡ್ರೈವರಿನಂತಲ್ಲ, ಬೋರ್ಡಿನ ಮೇಲೆ ಇಲ್ಲದ ಹೆಸರು ಹೇಳಿದರೆ ಇಳಿಸಿಬಿಡುತ್ತದೆ. ಜಾವಾಕ್ಕೂ ಹೀಗೇ ಆಯಿತು. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡಿತು. ದೊಡ್ಡ ಸಂಸ್ಥೆಗಳ ಸರ್ವರುಗಳಿಗೆಂದು ಇದ್ದ ಜಾವಾದ ಭಾಗವನ್ನು 2017ರಲ್ಲಿ ಎಕ್ಲಿಪ್ಸ್ ಫೌಂಡೇಷನ್ನಿಗೆ ಬಿಟ್ಟುಕೊಡಲು ಮುಂದಾಯಿತು. ಕೋಡ್ ಕೊಟ್ಟಿತು, ಜಾವಾ ಎಂಬ ಟ್ರೇಡ್‌ಮಾರ್ಕ್ ಕೊಡಲಿಲ್ಲ. ಜಾವಾಎಕ್ಸ್ ಎಂಬ ಹೆಸರಿನಡಿ ಹೊಸ ಬದಲಾವಣೆ ಮಾಡುವಂತಿಲ್ಲ ಎಂದು 2019ರಲ್ಲಿ ಖಚಿತವಾಯಿತು. ಹಾಗಾಗಿ 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಸರ್ವ್ಲೆಟ್ ಹೋಗಿ ಜಕಾರ್ತಾ ಸರ್ವ್ಲೆಟ್ ಆಯಿತು. ಟಾಮ್‌ಕ್ಯಾಟ್ 9ರವರೆಗೆ ಹಳೆಯ ಹೆಸರು, 10ರಿಂದ ಹೊಸ ಹೆಸರು. ಒಳಗಿನ ಕೆಲಸ ಬಹುಪಾಲು ಅದೇ. ವಕೀಲರ ಕೋಣೆಯಲ್ಲಿ ನಡೆದ ಒಂದು ಮಾತುಕತೆಯ ಬಿಸಿ ಗೋರೆಗಾಂವಿನಲ್ಲಿ ಎಂಟು ತಿಂಗಳ ಅನುಭವದ ಹುಡುಗನೊಬ್ಬನಿಗೆ ಮಧ್ಯರಾತ್ರಿ ತಟ್ಟಿತು.

ಹೊಸ ಸರ್ವರಿನಲ್ಲಿದ್ದದ್ದು ಟಾಮ್‌ಕ್ಯಾಟ್ 10.1. ‘ಲೇಟೆಸ್ಟ್ ಹಾಕಿ’ ಎಂದು ಯಾರೋ ಮೇಲಿನವರು ಹೇಳಿದ್ದರಂತೆ.

ಹುಡುಗ ಇಂಟರ್ನೆಟ್ಟಿನಲ್ಲಿ ಹುಡುಕಿ ಸರ್ವ್ಲೆಟ್ಟಿನ ಹಳೆಯ ಜಾರ್ ಫೈಲನ್ನು ತಂದು ತನ್ನ ಗಂಟಿನೊಳಗೆ ತುರುಕಿದ. ಎರರ್ ಮಾಯ! ಪೇಜ್ ಮಾತ್ರ ಬರಲಿಲ್ಲ. ಬದಲಿಗೆ “ಈ ಕ್ಲಾಸ್ ಸರ್ವ್ಲೆಟ್ಟೇ ಅಲ್ಲ” ಎಂಬ ಹೊಸ ಎರರ್ ಬಂತು. ವಿ.ಟಿ. ಎಂದು ಬರೆದ ಬೋರ್ಡನ್ನು ಮನೆಯಿಂದ ತಂದು ನೆಟ್ಟರೆ ಲೋಕಲ್ ಬಂದು ನಿಲ್ಲುತ್ತದೆಯೇ? ಈ ಜಾರ್ ಸರ್ವರಿನದ್ದಾಗಿರಬೇಕು, ಅಪ್ಲಿಕೇಷನ್ನಿನೊಳಗೆ ಅದನ್ನು ಎಂದೂ ಕಟ್ಟಬಾರದು. ಮುಂದೆ ಅವನು ಯೋಚಿಸಿದ್ದು ಇನ್ನೂ ಅಪಾಯದ್ದು: ಕೋಡಿನಲ್ಲಿ ಇರುವ ಜಾವಾಎಕ್ಸ್ ಎಲ್ಲವನ್ನೂ ಹುಡುಕಿ ಜಕಾರ್ತಾ ಎಂದು ಬದಲಿಸುವುದು. ಡೇಟಾಬೇಸಿನ ಜಾವಾಎಕ್ಸ್ ಎಸ್‌ಕ್ಯೂಎಲ್, ಗೂಢಲಿಪಿಯ ಜಾವಾಎಕ್ಸ್ ಕ್ರಿಪ್ಟೋ ಇವೆಲ್ಲ ಮೂಲ ಜಾವಾದ ಭಾಗ. ಅವುಗಳ ಹೆಸರು ಬದಲಾಗಿಲ್ಲ. ಎಲ್ಲವನ್ನೂ ಬದಲಿಸಿದ್ದರೆ ಬೆಳಗಾಗುವಾಗ ಕಂಪೈಲ್ ಕೂಡ ಆಗುತ್ತಿರಲಿಲ್ಲ.

ದಾರಿಗಳು ಎರಡಿದ್ದವು. ಟಾಮ್‌ಕ್ಯಾಟ್ 10ರಲ್ಲಿ ‘ವೆಬ್‌ಆಪ್ಸ್-ಜಾವಾಇಇ’ ಎಂಬ ಹೆಸರಿನ ಫೋಲ್ಡರ್ ಮಾಡಿ ಹಳೆಯ ಗಂಟನ್ನು ಅಲ್ಲಿಟ್ಟರೆ ಅದು ತಾನೇ ಹೆಸರು ಬದಲಿಸಿ ಓಡಿಸಲು ನೋಡುತ್ತದೆ. ಒಳ್ಳೆಯ ಸೌಲಭ್ಯ, ಆದರೆ ಪರೀಕ್ಷೆ ಮಾಡಿ ನೋಡಲು ಸಮಯ ಬೇಕು. ಇನ್ನೊಂದು, ಟಾಮ್‌ಕ್ಯಾಟ್ 9 ಹಾಕಿಬಿಡುವುದು. ಅದು ಜಾವಾ 17ರ ಮೇಲೂ ಓಡುತ್ತದೆ, ಹುಡುಗನ ಲ್ಯಾಪ್‌ಟಾಪಿನಲ್ಲಿ ಇದ್ದದ್ದೂ ಅದೇ. ಮಧ್ಯರಾತ್ರಿ ಹನ್ನೆರಡಕ್ಕೆ ಜಾಣತನಕ್ಕಿಂತ ಪರಿಚಯದ ದಾರಿ ಮೇಲು ಎಂಬುದು ನನ್ನ ಅಭಿಪ್ರಾಯ. 9 ಹಾಕಿಸಿದೆ.

ಲಾಗಿನ್ ಪೇಜ್ ಬಂತು. ಲಾಗಿನ್ ಆಗಲಿಲ್ಲ.

ಇದು ಬೇಗ ಮುಗಿದ ಸಮಸ್ಯೆ. ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿತ್ತು, ಕಾನ್ಫಿಗ್ ಫೈಲಿನಲ್ಲಿ ಲ್ಯಾಪ್‌ಟಾಪಿನ ‘ಲೋಕಲ್‌ಹೋಸ್ಟ್’ ಹಾಗೇ ಉಳಿದಿತ್ತು. ಸರ್ವರ್ ತನ್ನೊಳಗೇ ಡೇಟಾಬೇಸ್ ಹುಡುಕುತ್ತಿತ್ತು. ವಿಳಾಸ ತಿದ್ದಿದ ಮೇಲೆ ಎರರ್ ‘ಕನೆಕ್ಷನ್ ರಿಫ್ಯೂಸ್ಡ್’ನಿಂದ ‘ಟೈಮ್ಡ್ ಔಟ್’ಗೆ ಬದಲಾಯಿತು. ಎರಡೂ ಒಂದೇ ಎಂದುಕೊಳ್ಳಬೇಡಿ. ರಿಫ್ಯೂಸ್ಡ್ ಎಂದರೆ ಸಾಮಾನ್ಯವಾಗಿ ಬಿಲ್ಡಿಂಗ್ ಮುಟ್ಟಿದ್ದೀರಿ, ಆ ಫ್ಲ್ಯಾಟಿನಲ್ಲಿ ಯಾರೂ ಇಲ್ಲ ಎಂದರ್ಥ. ಟೈಮ್ಡ್ ಔಟ್ ಎಂದರೆ ಬಹಳ ಸಲ ಗೇಟಿನ ವಾಚ್‌ಮನ್ ನಿಮ್ಮ ಚೀಟಿ ತೆಗೆದುಕೊಂಡು ಉತ್ತರವನ್ನೇ ಕೊಡದೆ ಕೂತಿದ್ದಾನೆ ಎಂದರ್ಥ. ಆ ವಾಚ್‌ಮನ್ನೇ ಫೈರ್‌ವಾಲ್. ಹೋಸ್ಟಿಂಗ್‌ನವರನ್ನು ಎಬ್ಬಿಸಿ ಹೊಸ ಸರ್ವರಿನ ವಿಳಾಸಕ್ಕೆ ಬಾಗಿಲು ತೆರೆಸಲು ಒಂದು ಗಂಟೆ ಹಿಡಿಯಿತು. ಅದರಲ್ಲಿ ಐವತ್ತು ನಿಮಿಷ ಫೋನ್ ಎತ್ತಿಸುವುದಕ್ಕೆ.

ಒಂದೂವರೆಗೆ ಎಲ್ಲ ಸರಿಯಾಯಿತು ಎಂದು ಹುಡುಗ ಮೆಸೇಜ್ ಹಾಕಿದ. ನಾನು ದೀಪ ಆರಿಸಿ ಮಲಗಿದೆ. ಎರಡಕ್ಕೆ ಮತ್ತೆ ಫೋನು. ಈ ಸಲ ಅವನ ಧ್ವನಿ ಬೇರೆಯೇ ಇತ್ತು. “ಅಣ್ಣಾ, ಹಾಲ್ ಟಿಕೆಟ್ಟಂಗೆ ಹೆಸ್ರೇ ಕಾಂತಿಲ್ಲೆ.”

ಆ ಕಾಲೇಜಿನ ಹಾಲ್ ಟಿಕೆಟ್ಟಿನಲ್ಲಿ ವಿದ್ಯಾರ್ಥಿಯ ಹೆಸರು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇರುತ್ತದೆ. ಮರಾಠಿ ಹೆಸರಿನ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಒಬ್ಬರದಲ್ಲ, ಸಾವಿರಕ್ಕೂ ಹೆಚ್ಚು ಮಕ್ಕಳದ್ದು. ಅಪ್ಲಿಕೇಷನ್ ಓಡುತ್ತಿದೆ, ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಬಿದ್ದು ನಿಂತ ಸಾಫ್ಟ್‌ವೇರಿಗಿಂತ ನನಗೆ ಇಂಥದ್ದರ ಭಯ ಹೆಚ್ಚು. ಬಿದ್ದದ್ದು ಕಾಣುತ್ತದೆ, ಇದು ಯಾರಾದರೂ ಕಾಗದ ಕೈಗೆ ತೆಗೆದುಕೊಂಡು ನೋಡುವವರೆಗೆ ಕಾಣುವುದಿಲ್ಲ.

ಕನ್ನಡದವರಾದ ನಮಗೆ ಈ ಸಂಕಟ ಹೊಸತಲ್ಲ. ಬರಹ, ನುಡಿಗಳ ಹಳೆಯ ಫಾಂಟುಗಳ ಕಾಲದಲ್ಲಿ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಊರಿನ ಪತ್ರ ತೆರೆದರೆ ಕಸದ ಬುಟ್ಟಿ ಕವುಚಿದ ಹಾಗಿರುತ್ತಿತ್ತು. ಯೂನಿಕೋಡ್ ಬಂದ ಮೇಲೆ ಬಹಳಷ್ಟು ಸರಿಹೋಯಿತು, ಆದರೂ ಮೂರು ಕಾಯಿಲೆ ಉಳಿದುಕೊಂಡಿವೆ. ಇವನ್ನು ನೋಡಿದ ಕೂಡಲೇ ಗುರುತಿಸಲು ಕಲಿತರೆ ಅರ್ಧ ರಾತ್ರಿ ಉಳಿಯುತ್ತದೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಅಕ್ಷರ ಸುರಕ್ಷಿತ, ತೋರಿಸಲು ಫಾಂಟ್ ಇಲ್ಲ, ಅಷ್ಟೇ. ನೆತ್ತಿಯ ಮೇಲೆ ಗೀಟೆಳೆದ ಇಂಗ್ಲಿಷ್ ‘ಎ’ ಅಕ್ಷರ ಮತ್ತೆ ಮತ್ತೆ ಬರುವ ವಿಚಿತ್ರ ಸಾಲು ಕಂಡರೂ ಅಕ್ಷರ ಬದುಕಿರುವ ಸಂಭವ ಹೆಚ್ಚು, ಓದುವವರು ಬೇರೆ ಕೋಷ್ಟಕ ಹಿಡಿದು ಓದುತ್ತಿದ್ದಾರೆ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟು. ‘ಕ’ ಎಂದರೆ ಇ0 ಬಿ2 95. ದೇವನಾಗರಿಯದೂ ಇ0ಯಿಂದಲೇ ಶುರು. ಹಳೆಯ ಪಾಶ್ಚಾತ್ಯ ಕೋಷ್ಟಕದಲ್ಲಿ ಆ ಇ0 ಎಂದರೆ ಗೀಟೆಳೆದ ‘ಎ’, ಅದಕ್ಕೇ ಅದು ಸಾಲಿನ ತುಂಬ ಬರುವುದು. ಮೂರನೆಯದು ಪ್ರಶ್ನಾರ್ಥಕ ಚಿಹ್ನೆ. ಇದು ಕೆಟ್ಟದ್ದು. ಎಲ್ಲೋ ಒಂದು ಕಡೆ ಈ ಅಕ್ಷರವೇ ಇಲ್ಲದ ಕೋಷ್ಟಕಕ್ಕೆ ಬದಲಾಯಿಸಲು ಹೋಗಿ, ಸಿಗದೆ, ‘?’ ಹಾಕಿ ಮುಂದೆ ಹೋಗಿದ್ದಾರೆ. ಹಾಗೆ ಹೋದದ್ದನ್ನು ಹಿಂದಕ್ಕೆ ತರಲಾಗದು.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಕಾಗದದಲ್ಲಿ ಮಾತ್ರ ಹೀಗೋ, ಡೇಟಾಬೇಸಿನಲ್ಲೂ ಹೀಗೋ? ಹಳೆಯ ಸರ್ವರ್ ಇಲ್ಲ. ಡೇಟಾಬೇಸಿನಲ್ಲೇ ಹೆಸರುಗಳು ಅಳಿಸಿದ್ದರೆ ಬ್ಯಾಕಪ್ ಎಷ್ಟು ಹಳೆಯದೋ ದೇವರೇ ಬಲ್ಲ. ಹೆಸರು ತಿದ್ದುವ ಪುಟವನ್ನು ಮೊದಲು ಮುಚ್ಚಿಸಿದೆ, ಯಾರೂ ಏನೂ ಸೇವ್ ಮಾಡದಿರಲಿ ಎಂದು. ಆಮೇಲೆ ಡೇಟಾಬೇಸಿನಲ್ಲಿ ಹೆಸರನ್ನು ಅಕ್ಷರವಾಗಿ ನೋಡದೆ ಹೆಕ್ಸ್ ಆಗಿ, ಅಂದರೆ ಬೈಟುಗಳ ರೂಪದಲ್ಲಿ ನೋಡಲು ಹೇಳಿದೆ. 3ಎಫ್ 3ಎಫ್ 3ಎಫ್ ಎಂದು ಬಂದರೆ ಅವು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳು, ಕಥೆ ಮುಗಿಯಿತು. ಆ ಹುಡುಗ ಕ್ವೆರಿ ಬರೆದು ಉತ್ತರ ಓದುವವರೆಗಿನ ಅರೆ ನಿಮಿಷ ಫೋನಿನ ಎರಡೂ ಕಡೆ ಸದ್ದಿರಲಿಲ್ಲ.

“ಇ0... ಎ4...”

ಹೆಸರುಗಳು ಇದ್ದವು.

ಉಳಿದದ್ದು ದಾರಿ ಹುಡುಕುವ ಕೆಲಸ. ಪರದೆಯ ಪುಟದಲ್ಲಿ ಮರಾಠಿ ಸರಿಯಾಗಿತ್ತು, ಪಿಡಿಎಫ್‌ನಲ್ಲಿ ಮಾತ್ರ ಕೆಟ್ಟಿತ್ತು. ಪಿಡಿಎಫ್ ಮಾಡುವ ಮೊದಲು ಹೆಸರುಗಳನ್ನು ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತಿದ್ದರು, ಯಾವ ಎನ್‌ಕೋಡಿಂಗ್ ಎಂದು ಹೇಳದೆ. ಹೇಳದಿದ್ದರೆ ಜಾವಾ 17 ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ. ಹೊಸ ಸರ್ವರಿನಲ್ಲಿ ಭಾಷೆಯ ಲೊಕೇಲ್ ಹೊಂದಿಸಿರಲಿಲ್ಲ. ಇಂಗ್ಲಿಷ್ ಬಿಟ್ಟು ಬೇರೇನೂ ಗೊತ್ತಿಲ್ಲದ ಆಸ್ಕಿ ಎಂದು ಉತ್ತರ ಬಂತು. ಲ್ಯಾಪ್‌ಟಾಪಿನಲ್ಲಿ ಎಕ್ಲಿಪ್ಸ್ ಸದ್ದಿಲ್ಲದೆ ಯುಟಿಎಫ್-8 ಎಂದು ಜಾವಾದ ಕಿವಿಯಲ್ಲಿ ಊದುತ್ತಿತ್ತು. ಇದೇ ನೋಡಿ, ನನ್ನ ಮೆಷಿನ್‌ನಲ್ಲಿ ಓಡ್ತಿತ್ತಲ್ಲ ಎಂಬ ಮಾತಿನ ಒಳಗುಟ್ಟು. ಈ ತೊಂದರೆ ಎಷ್ಟು ಜನರನ್ನು ಕಾಡಿತೆಂದರೆ 2022ರ ಮಾರ್ಚಿನಲ್ಲಿ ಬಂದ ಜಾವಾ 18ರಿಂದ, ಏನೂ ಹೇಳದಿದ್ದರೆ ಯುಟಿಎಫ್-8 ಎಂದೇ ನಿಯಮ ಮಾಡಿದ್ದಾರೆ. ಟಾಮ್‌ಕ್ಯಾಟಿನ ಸೆಟ್‌ಎನ್ವ್ ಫೈಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿ, ಮತ್ತೆ ಎಬ್ಬಿಸಿ, ಐವತ್ತು ಹಾಲ್ ಟಿಕೆಟ್ ತೆಗೆದು ಕಣ್ಣಾರೆ ನೋಡಿದ. ಕೋಡಿನೊಳಗೇ ಎನ್‌ಕೋಡಿಂಗ್ ಬರೆಯುವುದು ಸರಿಯಾದ ಮದ್ದು. ಅದನ್ನು ಮುಂದಿನ ವಾರಕ್ಕೆ ಬಿಟ್ಟೆವು. ಕಾಲೇಜಿನ ಲಾಂಛನ ಬರುತ್ತಿರಲಿಲ್ಲ, ಫೈಲಿನ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ. ವಿಂಡೋಸ್ ಅದನ್ನು ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ನಾಲ್ಕು ಗಂಟೆಗೆ ಹುಡುಗ ಬೆಳಗಿನ ವಿರಾರ್ ಲೋಕಲ್ ಹಿಡಿಯಲು ಹೊರಟ.

ಶುಕ್ರವಾರ ರಾತ್ರಿ ಡಿಪ್ಲಾಯ್ ಮಾಡಿದ್ದೇ ತಪ್ಪು ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಕಾಲೇಜು, ಬ್ಯಾಂಕು, ಅಂಗಡಿ ಎಲ್ಲವೂ ಹಗಲು ನಡೆಯಬೇಕು, ರಾತ್ರಿಯೇ ಕೆಲಸ ಆಗಬೇಕು. ಹಿಂದಿರುಗುವ ದಾರಿಯನ್ನು ಮುಚ್ಚಿದ್ದು ತಪ್ಪು. ಹಳೆಯ ಸರ್ವರ್ ಇನ್ನೊಂದು ವಾರ ಇದ್ದಿದ್ದರೆ ಹನ್ನೊಂದು ಗಂಟೆಗೆ ‘ಹಳೆಯದಕ್ಕೇ ಹೋಗೋಣ’ ಎಂದು ಹೇಳಿ ಎಲ್ಲರೂ ಮಲಗಬಹುದಿತ್ತು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿ 2012ರಲ್ಲಿ ಎಂಟು ಸರ್ವರುಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಏರಿಸಿ, ಒಂದನ್ನು ಮರೆತು ಆಗಸ್ಟ್ 1ರ ಬೆಳಿಗ್ಗೆ ಬಾಗಿಲು ತೆರೆಯಿತು. ಮುಕ್ಕಾಲು ಗಂಟೆಯಲ್ಲಿ 40 ಕೋಟಿ ಡಾಲರಿಗೂ ಮಿಕ್ಕಿ ನಷ್ಟ. ಏರಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ಕ್ರಮವೇ ಅಲ್ಲಿರಲಿಲ್ಲ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆ ಮರುವರ್ಷ ತನ್ನ ಆದೇಶದಲ್ಲಿ ಬರೆಯಿತು. ಆ ಆದೇಶದಲ್ಲಿ ಕೋಡ್ ಏರಿಸಿದ ತಂತ್ರಜ್ಞನ ಹೆಸರಿಲ್ಲ. ನಮ್ಮ ಕಡೆ ಮೊದಲು ಹುಡುಕುವುದು ಹೆಸರನ್ನೇ.

ಸೋಮವಾರ ಪರೀಕ್ಷೆ ನಡೆಯಿತು. ಅದೇ ದಿನ ಹುಡುಗನಿಗೆ ಮ್ಯಾನೇಜರ್ ಮೇಲ್: ತಡವಾದದ್ದಕ್ಕೆ ಮೂಲ ಕಾರಣ ಬರೆದು ಕೊಡಿ, ಜವಾಬ್ದಾರ ವ್ಯಕ್ತಿಯ ಹೆಸರಿನ ಕಲಮನ್ನು ಖಾಲಿ ಬಿಡಬೇಡಿ. ಗುತ್ತಿಗೆ ಮಾರ್ಚಿನಲ್ಲಿ ಮುಗಿಯುತ್ತದೆ, ಅವನಿಗೆ ಹೆದರಿಕೆ. ತನ್ನ ಹೆಸರನ್ನೇ ಹಾಕಿ ಮುಗಿಸಿಬಿಡುತ್ತೇನೆ ಎಂದ. ಬೇಡ ಎಂದೆ. ಆ ರಾತ್ರಿಯ ಲಾಗ್ ಫೈಲುಗಳನ್ನು ತೆಗೆದಿಡಲು ಹೇಳಿದ್ದೆ, ತೆಗೆದಿಟ್ಟಿದ್ದ. ಅವುಗಳಿಂದ ಗಂಟೆ ನಿಮಿಷ ಸಹಿತ ಐದು ಸಾಲು ಬರೆಸಿದೆ: ಸರ್ವರಿನಲ್ಲಿದ್ದ ಜಾವಾ ಯಾವುದು, ಕೇಳಿದ್ದು ಯಾವುದು, ಟಾಮ್‌ಕ್ಯಾಟ್ ಯಾವುದು, ಫೈರ್‌ವಾಲ್ ತೆರೆದದ್ದು ಎಷ್ಟು ಹೊತ್ತಿಗೆ, ಲೊಕೇಲ್ ಇರಲಿಲ್ಲ, ಹಳೆಯ ಸರ್ವರ್ ಮುಚ್ಚಿದ ದಿನಾಂಕ ಮತ್ತು ಸಮಯ. ಹೆಸರಿನ ಕಲಮಿನಲ್ಲಿ ‘ಲಗತ್ತಿಸಿದ ಲಾಗ್ ನೋಡಿ’ ಎಂದು ಹಾಕಿ ಕಳಿಸಿದ.

ಉತ್ತರ ಇನ್ನೂ ಬಂದಿಲ್ಲ. ಮೊನ್ನೆ ಹೊಸ ಸರ್ವರಿನ ಪಟ್ಟಿಯೊಂದನ್ನು ಅವನ ಟೇಬಲ್ಲಿಗೆ ತಂದಿಟ್ಟು, ಏರಿಸುವ ಮೊದಲು ಏನೇನು ನೋಡಬೇಕು ಬರೆದು ಕೊಡು ಎಂದರಂತೆ.